ಸವೆತ ಬಲ್ಲವರ ಮೊಣಕಾಲು

ಮೇಡಂ ಮೆಟ್ಟಿಲು ಹತ್ತುವಾಗ ಅವರ ಬಲ ಮೊಣಕಾಲು ಕಟ್ ಕಟ್ ಎನ್ನುತ್ತಿತ್ತು. ಆ ಸದ್ದು ಕೇಳಿದೊಡನೆ ಲ್ಯಾಬಿನಲ್ಲಿ ನಾವು ಚಹಾ ಕಪ್ಪುಗಳನ್ನು ಮರೆಮಾಡುತ್ತಿದ್ದೆವು. ಒಳಗೆ ಬಂದವರೇ, "ನನಗೂ ಅರ್ಧ ಕಪ್ ಹಾಕ್ರವಾ" ಎನ್ನುತ್ತಿದ್ದರು.

ಧಾರವಾಡದ ಕಾಲೇಜಿನಲ್ಲಿ ಅವರು ನನ್ನ ಸಂಶೋಧನೆಯ ಮಾರ್ಗದರ್ಶಕಿ. ಪ್ಲಾಸ್ಟಿಕ್‌ಗೆ ಗಾಜಿನ ಎಳೆ, ಗ್ರಾಫೈಟ್ ಪುಡಿ ಬೆರೆಸಿ, ತಿರುಗುವ ಉಕ್ಕಿನ ಬಿಲ್ಲೆಗೆ ಒತ್ತಿ, ಎಷ್ಟು ಸವೆಯಿತೆಂದು ತೂಗಿ ನೋಡುವುದು ನಮ್ಮ ಕೆಲಸ. ಒಮ್ಮೆ ಗಾಜು ಬೆರೆಸಿದ ನನ್ನ ತುಂಡು ಸವೆಯಲೇ ಇಲ್ಲ. ಕುಣಿಯುತ್ತ ತೋರಿಸಲು ಹೋದೆ. ಮೇಡಂ ತುಂಡಿನತ್ತ ಕಣ್ಣೂ ಹಾಯಿಸಲಿಲ್ಲ; ಬಿಲ್ಲೆ ಬಿಚ್ಚಿಸಿ ಅದರ ಮೇಲೆ ನನ್ನ ಬೆರಳು ಎಳೆದರು. ಉಕ್ಕಿನ ತುಂಬ ಗೀರು.

"ತಾನು ಉಳಕೊಂಡು ಎದುರಿಗಿದ್ದವರನ್ನ ತಿನ್ನೋದು ಛಲೋ ಗುಣ ಅಲ್ಲವಾ" ಎಂದು ನಕ್ಕರು. ತಿಕ್ಕಾಟ ತಗ್ಗಿಸುವ ಗ್ರಾಫೈಟ್ ಸೇರಿಸಿ ಎಲ್ಲವನ್ನೂ ಮತ್ತೆ ಮಾಡಿಸಿದರು.

ನಿವೃತ್ತಿಯ ನಂತರ ಆ ಮೊಣಕಾಲು ಅವರನ್ನು ದೇಶಪಾಂಡೆ ನಗರದ ಮನೆಯೊಳಗೇ ಕೂರಿಸಿತು. ಕೃತಕ ಕೀಲು ಹಾಕಿಸಲು ಮಾತ್ರ ಸುತಾರಾಂ ಒಪ್ಪಲಿಲ್ಲ. ಅವರ ತಂಗಿ ಅಳುತ್ತ ಫೋನ್ ಮಾಡಿದಾಗ ನಾನು ಹೋದೆ.

"ಲೋಹದ ಮ್ಯಾಲೆ ಪ್ಲಾಸ್ಟಿಕ್ ತಿಕ್ಕಿದ್ರ ಪುಡಿ ಉದುರತೈತಿ. ಅದು ಮೈಯಾಗ ಉಳಿದ್ರ ಏನಾಗತೈತಿ, ನನಗ ಗೊತ್ತೈತಿ" ಎಂದರು. ಜೀವಮಾನವಿಡೀ ಸವೆತ ಅಳೆದವರ ಧ್ವನಿ ನಡುಗುತ್ತಿತ್ತು.

"ಈಗಿರೋ ಮೊಣಕಾಲೂ ಸವದೈತಲ್ರಿ ಮೇಡಂ. ಡಾಕ್ಟರನ್ನ ಒಮ್ಮೆ ಕೇಳೋಣು ಬರ್ರಿ" ಎಂದೆ.

ಮರುದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರು ಮಾದರಿ ಕೀಲೊಂದನ್ನು ಮೇಜಿನ ಮೇಲಿಟ್ಟರು.

"ಪ್ಲಾಸ್ಟಿಕ್‌ನ್ಯಾಗ ಗಾಜು ಗೀಜು ಏನರ ತುಂಬೀರೇನ್ರಿ?" ಮೇಡಂ ಕೇಳಿದರು.

ಡಾಕ್ಟರು ಕಕ್ಕಾಬಿಕ್ಕಿಯಾದರು. "ಏನೂ ಇಲ್ರಿ. ಇದು ಸವಿಯೂದೇ ಇಲ್ಲ ಅಂತ ಸುಳ್ಳು ಹೇಳಂಗಿಲ್ರಿ ಮೇಡಂ. ಸವಿತೈತಿ, ಆದ್ರ ಭಾಳ ನಿಧಾನ."

ಸವೆಯುತ್ತದೆ ಎಂದು ಡಾಕ್ಟರು ಒಪ್ಪಿಕೊಂಡದ್ದೇ ತಡ, ಮೇಡಂ ಮುಖದ ಬಿಗಿ ಸಡಿಲವಾಯಿತು. ಲೋಹದ ನುಣುಪನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಸವರಿದರು. "ಹಂಗಾರ ಮಾಡ್ರಿ" ಎಂದರು.

ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನ ತೋಳು ಹಿಡಿದು ನಡೆದರು. ಅರ್ಧದಲ್ಲಿ, "ಬಿಡು, ನಾ ಹೋಗತೇನಿ" ಎಂದು ಕೈ ಸಡಿಲಿಸಿ ಕಿಟಕಿಯವರೆಗೆ ಹೋಗಿಬಿಟ್ಟರು.

ನನ್ನನ್ನು ಒಬ್ಬ ಸಂಶೋಧಕಿಯನ್ನಾಗಿ ಮಾಡಿದವರಿಗೆ ನಾನು ಕೊಡಲಾದದ್ದು ಒಂದೆರಡು ದಿನದ ಜೊತೆಯಷ್ಟೇ. ಮೊನ್ನೆ ಭಾನುವಾರ ಮಾತಾಡಿಸಲು ಹೋದರೆ ಬಾಗಿಲು ತೆರೆದ ತಂಗಿ ಗೊಣಗಿದರು: "ಅಕ್ಕ ಮನ್ಯಾಗ ಎಲ್ಲಿರತಾಳವಾ ಈಗ! ಸಂತಿಗೆ ಹೋಗ್ಯಾಳ, ನಡಕೋತ." ಹುಡುಕಿ ಹೋದವರು ಸಿಗದೆ ಅಷ್ಟು ಸಂತೋಷದಿಂದ ನಾನು ಯಾರ ಮನೆಯಿಂದಲೂ ಹಿಂದಿರುಗಿದ್ದಿಲ್ಲ.