ಆಸಕ್ತಿಯ ಕಾಲಂ

ತೆಲಂಗಾಣ ಚಳವಳಿಯ ದಿನಗಳಲ್ಲಿ ನಾನು ತಾಂಡೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದೆ. ಬಂದ್‌ಗಳಿಂದ ಪಾಠ ನಿಂತಿತ್ತು. ತಪಾಸಣೆಗೆ ಸಮಿತಿ ಬರುವುದು ಮಾತ್ರ ನಿಂತಿರಲಿಲ್ಲ. ಅದಕ್ಕಾಗಿ ಅಧ್ಯಾಪಕರೆಲ್ಲ ಒಂದು ಫಾರಂ ತುಂಬಬೇಕಿತ್ತು. ಅದರಲ್ಲಿ 'ಸಂಶೋಧನಾ ಆಸಕ್ತಿ' ಎಂಬ ಕಾಲಂ. ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವವರ ಶ್ವಾಸಕೋಶದಲ್ಲಿ ಸೇರುವ ದೂಳು ಎಂದು ಬರೆದೆ. ಅಂಥ ಶ್ವಾಸಕೋಶವೊಂದು ನಮ್ಮ ಮನೆಯಲ್ಲೇ ಇತ್ತು. ನನ್ನನ್ನು ಓದಿಸಿದ ಅಣ್ಣ ಇಪ್ಪತ್ತು ವರ್ಷ ಆ ಕಲ್ಲು ಕೊಯ್ದಿದ್ದ.

ಪ್ರಿನ್ಸಿಪಾಲರು ಆಂಧ್ರದಿಂದ ಬಂದ ಹೊರಗಿನವರೇನಲ್ಲ, ನಮ್ಮ ಕಡೆಯವರೇ. ಬೆಳಿಗ್ಗೆ ಧರಣಿಯ ಟೆಂಟಿನಲ್ಲಿ ಮೈಕು ಹಿಡಿದು ನಮ್ಮ ಮಣ್ಣು, ನಮ್ಮ ಜನ ಎಂದು ಗಂಟಲು ಹರಿದುಕೊಂಡವರು, ಮಧ್ಯಾಹ್ನ ನನ್ನ ಫಾರಂ ನೋಡಿ ಕನ್ನಡಕ ತೆಗೆದರು.

"ಈ ದೂಳು ಯಾಕ್ರಿ? ನಮ್ಮ ಲ್ಯಾಬಿನ ಬೆಂಚಿಗಿ ಪರಸಿ ಹಾಕಿಸಿಕೊಟ್ಟಾರ ಆ ಕಲ್ಲಿನ ಕಾರ್ಖಾನಿ ಮಾಲಕರು. ನಿಮ್ಮ ಪಿಎಚ್‌ಡಿ ಸಮುದ್ರದ ಏಡಿ ಮ್ಯಾಲ ಅದಲ್ರಿ, ಅದನ್ನೇ ಬರೀರಿ."

ಸಮುದ್ರವನ್ನು ನಾನು ಕಂಡದ್ದು ಎರಡೇ ಸಲ. ನನ್ನ ಗೈಡಿಗೆ ಏಡಿಯ ಮೇಲೆ ಅನುದಾನ ಬಂದಿತ್ತು, ಆದ್ದರಿಂದ ನನಗೆ ಏಡಿಯ ಮೇಲೆ ಆಸಕ್ತಿ ಬಂದಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೊಸ ಫಾರಂ ಇಸಿದುಕೊಂಡು, ನನ್ನ ಕೈಯಿಂದಲೇ, ಏಡಿ ಎಂದು ಬರೆದುಕೊಟ್ಟೆ.

ಸಂಜೆ ಅಣ್ಣನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ನಕ್ಕ. ನಗು ಕೆಮ್ಮಾಗಿ ತಿರುಗಿತು. ಅದು ಇಳಿಯುವ ತನಕ ನಾನು ಗೋಡೆ ನೋಡುತ್ತ ಕೂತಿದ್ದೆ.

"ತಮ್ಮಾ," ಅಂದ ಕೊನೆಗೆ, "ಆ ಏಡಿಗಿ ಕೆಮ್ಮಾದ್ರೂ ಬರ್ತದೇನು?"