ಖಾಲಿ ಡಬ್ಬಿಗೆ ಬಿದ್ದ ಪತಂಗಗಳು

ಬೇಸಾಯ ಸಂಶೋಧನಾ ಕೇಂದ್ರದ ವಸತಿ ಸಾಲಿನ ಕೊನೆಯ ಮನೆಯವಳನ್ನು ಎಲ್ಲರೂ ಹುಳದಕ್ಕ ಎಂದೇ ಕರೆಯುತ್ತಿದ್ದರು. ಓದಿದ್ದು ಕೀಟಶಾಸ್ತ್ರ, ಸಂಬಳ ಬರುತ್ತಿದ್ದದ್ದು ಹುಳ ಕೊಲ್ಲುವುದಕ್ಕೆ, ದಿನವಿಡೀ ಮಾಡುತ್ತಿದ್ದದ್ದು ಹುಳ ಸಾಕುವ ಕೆಲಸ. ಪ್ರಯೋಗಾಲಯದ ಕಪಾಟಿನ ತುಂಬ ತೆಳುಬಟ್ಟೆ ಕಟ್ಟಿದ ಗಾಜಿನ ಜಾಡಿಗಳು, ಅದರೊಳಗೆ ಬದನೆಕಾಯಿ ಹೋಳು, ಹೋಳಿನೊಳಗೆ ಗುಲಾಬಿ ಬಣ್ಣದ ಹುಳ. ಹೊತ್ತುಹೊತ್ತಿಗೆ ಹೊಸ ಹೋಳು ಹಾಕದಿದ್ದರೆ ಅವು ಸಾಯುತ್ತವೆ ಎಂದು ನೆಂಟರ ಯಾವ ಮದುವೆಯಲ್ಲೂ ಅವಳು ಊಟದವರೆಗೆ ಕೂತವಳಲ್ಲ.

"ಕೊಲ್ಲೋದಕ್ಕೆ ಇಷ್ಟು ಉಪಚಾರ ಯಾಕೆ?" ಎಂದು ಅತ್ತಿಗೆ ಕೇಳುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಅವರು ಇವಳ ಜೊತೆಗೇ ಇದ್ದರು.

"ಅದರ ಗುಟ್ಟು ತಿಳೀಬೇಕಲ್ಲ ಅತ್ತಿಗೆ."

ಗುಟ್ಟು ಇಷ್ಟೆ: ಹುಳ ಕಾಯಿಯ ಒಳಗೆ, ಔಷಧಿ ಹೊರಗೆ. ರೈತರು ಎಷ್ಟು ಸಿಂಪಡಿಸಿದರೂ ಬಂಡೆಯ ಮೇಲೆ ಮಳೆ ಹೊಯ್ದಂತೆ. ಹುಳದಕ್ಕ ಬೇರೆ ದಾರಿ ಹಿಡಿದಳು. ಹುಳ ಬೆಳೆದು ಪತಂಗವಾದ ಮೇಲೆ ಹೆಣ್ಣು ಒಂದು ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು. ಅಂಥದೇ ವಾಸನೆಯನ್ನು ರಬ್ಬರ್ ಬಿರಡೆಗೆ ಕುಡಿಸಿ, ಸೋಪುನೀರಿನ ಡಬ್ಬಿಯ ಮೇಲೆ ತೂಗುಹಾಕಿದರೆ ಗಂಡುಗಳು ಬಂದು ನೀರಿಗೆ ಬೀಳಬೇಕು. ಗಂಡಿಲ್ಲದೆ ಹೆಣ್ಣಿಟ್ಟ ಮೊಟ್ಟೆ ಮರಿಯಾಗದು. ಇದು ವಾಸನೆಯದೇ ಕೆಲಸ ಎಂದು ತೋರಿಸಲು ಬಿರಡೆ ಇಲ್ಲದ ಡಬ್ಬಿಗಳನ್ನೂ ಹೊಲದಲ್ಲಿ ಕಟ್ಟಬೇಕು. ಅವು ಖಾಲಿಯಾಗಿಯೇ ಉಳಿಯಬೇಕು.

ಉಳಿಯಲಿಲ್ಲ. ಒಂದಲ್ಲ, ಎರಡು ಬೆಳೆಯಲ್ಲೂ ಖಾಲಿ ಡಬ್ಬಿಗೆ ಪತಂಗ ಬಿದ್ದವು.

ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ. ಕನ್ನಡಕ ಒರೆಸಿಕೊಳ್ಳುತ್ತಾ ಹೇಳಿದರು: "ಏನಮ್ಮಾ, ಊಟ ಇಟ್ಟ ಮನೆಗೂ ಬರ್ತಾರೆ, ಇಡದ ಮನೆಗೂ ಬರ್ತಾರೆ ಅಂದ್ರೆ ಅಡುಗೆಯವರ ಹೆಚ್ಚುಗಾರಿಕೆ ಏನು? ಬರೋ ಸಭೇಲಿ ಇದನ್ನ ನಿಲ್ಲಿಸಿಬಿಡ್ತೀನಿ. ಆ ಹೊಲಾನ ಸಿಂಪಡಣೆ ಪ್ರಯೋಗದವರು ಕೇಳ್ತಿದ್ದಾರೆ."

ತಲೆಕೂದಲು ಕಪ್ಪಗಿದ್ದಾಗ ಹಿಡಿದ ಕೆಲಸ. ಹುಳದಕ್ಕ ಮನೆಗೆ ಬಂದು ಕೋಟನ್ನು ಒಗೆಯುವ ಬಟ್ಟೆಗೆ ಎಸೆದು ಮಲಗಿದಳು.

ಬೆಳಿಗ್ಗೆ ಹಿತ್ತಲಿಂದ ಅತ್ತಿಗೆ ಕೂಗಿದರು. ಹಿತ್ತಲ ಗೋಡೆಯಾಚೆಗೇ ಬದನೆ ಹೊಲ. "ಬಾರೇ ಇಲ್ಲಿ. ನಿನ್ನ ನೋಡೋಕೆ ಗಂಡುಗಳು ಬಂದಿದ್ದಾವೆ."

"ಈ ವಯಸ್ಸಿನಲ್ಲಾ?"

"ವಯಸ್ಸು ಕೇಳೋ ಹಾಗೆ ಕಾಣಲ್ಲ. ನೇರ ಜೇಬಿಗೇ ಕೈ ಹಾಕಿದ್ದಾವೆ."

ಹಗ್ಗದ ಮೇಲೆ ಒಣಗಿಹಾಕಿದ್ದ ಅವಳ ಬಿಳಿ ಕೋಟಿನ ಬಲಜೇಬಿನ ಮೇಲೆ, ತೋಳಿನ ತುದಿಯಲ್ಲಿ ಪತಂಗಗಳು ಕೂತಿದ್ದವು. ಅವಳು ಒಂದೊಂದನ್ನೇ ಹಿಡಿದು ಬಾಲ ತಿರುಗಿಸಿ ನೋಡಿದಳು. ಅತ್ತಿಗೆ ತಮಾಷೆಗೆ ಅಂದದ್ದು ನಿಜವಾಗಿತ್ತು, ಒಂದೂ ಹೆಣ್ಣಿರಲಿಲ್ಲ.

ಬಿರಡೆಗಳನ್ನು ಅವಳು ಹೊಲಕ್ಕೆ ಒಯ್ಯುತ್ತಿದ್ದದ್ದು ಆ ಜೇಬಿನಲ್ಲೇ. ಒಗೆದರೂ ವಾಸನೆ ಬಿಟ್ಟಿರಲಿಲ್ಲ. ಬೇರೆಯವರಿಗೆ ಕೊಟ್ಟರೆ ಕೆಲಸ ಕೆಡುತ್ತದೆಂದು ಖಾಲಿ ಡಬ್ಬಿಗಳನ್ನೂ ಬಿರಡೆ ಮುಟ್ಟಿದ ಅದೇ ಕೈಯಲ್ಲಿ ತಾನೇ ಕಟ್ಟಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಅವಳಿಗೆ ಬೇಕಾಯಿತು.

ಮುಖ್ಯಸ್ಥರಿಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದಳು.

"ಅಂದ್ರೆ ಎರಡು ಬೆಳೆಯ ಕೆಲಸ ಕಸದ ಬುಟ್ಟಿಗೆ?"

"ಹೌದು ಸಾರ್. ಇನ್ನೊಂದು ಬೆಳೆ ಕೊಡಿ. ಈ ಸಲ ನಾನು ಹೊಲಕ್ಕೆ ಕಾಲಿಡಲ್ಲ."

ಅವರು ಅವಳ ಕೈಗಳನ್ನೊಮ್ಮೆ ನೋಡಿದರು. "ಒಂದೇ ಬೆಳೆ. ಆಮೇಲೆ ಕೇಳಬೇಡ."

"ನಾನು ಕಟ್ತೀನಿ ಬಿಡು," ಎಂದು ಮನೆಯಲ್ಲಿ ಅತ್ತಿಗೆ ಸೆರಗು ಸಿಕ್ಕಿಸಿದರು.

"ಕೋಟು ಒಗೆದ ಕೈ, ಅತ್ತಿಗೆ. ನೀವೂ ಹೊರಗೇ."

ಕೊನೆಗೆ ಖಾಲಿ ಡಬ್ಬಿಗಳನ್ನು ಕೇಂದ್ರದ ಕಾವಲುಗಾರ ಕಟ್ಟಿದ. ಬಿರಡೆಯಿದ್ದವನ್ನು ಸಹೋದ್ಯೋಗಿಯೊಬ್ಬ ಕೈಗವಸು ಹಾಕಿಕೊಂಡು ಕಟ್ಟಿದ. ನಾದಿನಿ ಅತ್ತಿಗೆ ಇಬ್ಬರೂ ದೂರದ ಬದುವಿನ ಮೇಲೆ ನಿಂತು ಎಡಕ್ಕೆ, ಬಲಕ್ಕೆ ಎಂದು ಕೂಗಿದರು. ಕಾವಲುಗಾರ ಕಟ್ಟಿದ ಗಂಟುಗಳೆಲ್ಲ ಸೊಟ್ಟ. ಹುಳದಕ್ಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ವಾರ ಕಳೆದು ಡಬ್ಬಿಗಳನ್ನು ಇಳಿಸಿದರು. ಬಿರಡೆಯಿದ್ದ ಡಬ್ಬಿಗಳಲ್ಲಿ ಬಿಳಿ ಪತಂಗಗಳು ಹಾಲಿನ ಕೆನೆಯಂತೆ ಕಟ್ಟಿಕೊಂಡಿದ್ದವು. ಕಾವಲುಗಾರ ಖಾಲಿ ಡಬ್ಬಿಗಳನ್ನು ಬದುವಿಗೆ ತಂದು ಒಂದೊಂದಾಗಿ ಬಗ್ಗಿಸಿ ತೋರಿಸಿದ. ಬರೀ ನೀರು.

"ಇದ್ರಲ್ಲೊಂದು ಇರುವೆ ಇದೆ ಅಕ್ಕಾ. ಇದೂ ಗಂಡಾ?"

"ಅದಕ್ಕೆ ನಾವು ಕರೆ ಕಳಿಸಿಲ್ಲಪ್ಪ," ಎಂದಳು. ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ಬೆಳೆ ಮುಗಿಯುವವರೆಗೂ ಹಾಗೇ ಆಯಿತು. ಸಭೆ ಆ ಕೆಲಸವನ್ನು ಮುಂದುವರಿಸಿತು. ಹುಳವೇನೂ ಲೋಕ ಬಿಟ್ಟು ಹೋಗಲಿಲ್ಲ, ಆದರೆ ಡಬ್ಬಿ ಕಟ್ಟಿದ ರೈತರು ಸಿಂಪಡಣೆ ಅರ್ಧಕ್ಕೆ ಇಳಿಸಿದರು. ಹುಳದಕ್ಕ ನಿವೃತ್ತಿಯಾಗುವವರೆಗೆ ಮತ್ತೆ ಒಂದು ಡಬ್ಬಿಯನ್ನೂ ತನ್ನ ಕೈಯಿಂದ ಕಟ್ಟಲಿಲ್ಲ. ಬೆಳೆ ಬೆಳೆಗೂ ಬದುವಿನ ಮೇಲೆ ನಿಂತು ಇತರರ ಸೊಟ್ಟ ಗಂಟುಗಳನ್ನು ನೋಡುತ್ತಿದ್ದಳು. ಅವಳು ನಿಲ್ಲುತ್ತಿದ್ದ ಕಡೆ ಹುಲ್ಲು ಬೆಳೆಯುವುದನ್ನೇ ಬಿಟ್ಟಿತ್ತು.