ಖಾಜಾನ ಟೇಬಲ್ಲಿಗೆ ಎಷ್ಟು ದೊಡ್ಡ ಮೋಟರ್ ಬೇಕು?

ಕಳೆದ ಭಾನುವಾರ ಕೊಟ್ಟೂರಿನಲ್ಲಿ ಒಂದು ಕಬ್ಬಿಣದ ಟೇಬಲ್ಲು ನನ್ನನ್ನು ಅಟ್ಟಿಸಿಕೊಂಡು ಬಂತು.

ಕುಡಿದಿರಲಿಲ್ಲ. (ನಾನೂ, ಟೇಬಲ್ಲೂ.)

ನನ್ನ ಬಾಲ್ಯದ ಗೆಳೆಯ ಖಾಜಾ ಅಲ್ಲೊಂದು ಸಣ್ಣ ಫೌಂಡ್ರಿ ನಡೆಸುತ್ತಾನೆ. ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ದು ಪಂಪಿನ ಚಕ್ರ ಮಾಡುವ ಕೆಲಸ. ಆರಿದ ಮೇಲೆ ಅಚ್ಚು ಒಡೆದು ಮರಳು ಉದುರಿಸಬೇಕು. ಇಷ್ಟು ವರ್ಷ ಇಬ್ಬರು ಸುತ್ತಿಗೆಯಲ್ಲಿ ಬಡಿಯುತ್ತಿದ್ದರು. ಈಗ ಇಬ್ಬರ ಭುಜವೂ ಮಾತು ಕೇಳುತ್ತಿಲ್ಲ. ಅದಕ್ಕೇ ಖಾಜಾ ಸ್ಪ್ರಿಂಗ್ ಮೇಲೆ ಕೂರುವ ಒಂದು ಜಾಲರಿ ಟೇಬಲ್ ಮಾಡಿಸಿದ. ಕೆಳಗೆ ನಡುಗುವ ಮೋಟರ್ ಕಟ್ಟಿದರೆ ಸಾಕು, ಟೇಬಲ್ ಗಡಗಡ ಅಲುಗಾಡಿ ಮರಳು ತಾನಾಗಿ ಉದುರುತ್ತದೆ.

ಆದರೆ ಎಷ್ಟು ದೊಡ್ಡ ಮೋಟರ್? ಸಣ್ಣದಾದರೆ ಮರಳು ಉದುರಲ್ಲ. ದೊಡ್ಡದಾದರೆ ಚಕ್ರವೇ ಮುರಿಯುತ್ತದೆ. ಹುಬ್ಬಳ್ಳಿಯ ಅಂಗಡಿಯವರು ಫೋನಿನಲ್ಲಿ, "ಟೇಬಲ್ಲು, ಅದರ ಮ್ಯಾಲಿನ ಲೋಡು, ಎಲ್ಲಾ ಸೇರಿ ತೂಕ ಹೇಳ್ರಿ. ಮೋಟರ್ ನಾವು ಕಳಿಸ್ತೀವಿ" ಅಂದರಂತೆ.

"ಲೇ ಮಾಸ್ತರ, ನೀ ಫಿಸಿಕ್ಸ್ ಹೇಳಾವ. ನೀನಾ ಬಂದು ತೂಕ ತಗಿ" ಎಂದ ಖಾಜಾ.

ಈ ಮಾತಿಗೆ ಉಬ್ಬದ ಮೇಷ್ಟ್ರು ಯಾರಿದ್ದಾರೆ ಹೇಳಿ? ಇಸ್ತ್ರಿ ಅಂಗಿ ಹಾಕಿಕೊಂಡು ಹಗರಿಬೊಮ್ಮನಹಳ್ಳಿಯಿಂದ ಬಸ್ಸು ಹತ್ತಿದೆ. ಇದು ಹೋದ ತಿಂಗಳ ಮಾತು.

ಟೇಬಲ್ಲನ್ನು ಟ್ರ್ಯಾಕ್ಟರ್ ಟ್ರಾಲಿಗೆ ಏರಿಸಿ, ಲಾರಿ ತೂಗುವ ವೇಬ್ರಿಜ್‌ಗೆ ಒಯ್ದೆವು. ಮೊದಲು ಟೇಬಲ್ ಸಮೇತ ತೂಕ. ಆಮೇಲೆ ಟೇಬಲ್ ಇಳಿಸಿ ಖಾಲಿ ಟ್ರಾಲಿಯ ತೂಕ. ಅದರಲ್ಲಿ ಇದನ್ನು ಕಳೆದರೆ ಟೇಬಲ್ಲಿನ ತೂಕ. (ಡ್ರೈವರ್‌ಗೂ ಗಾಳಿಯಲ್ಲಿ ಬೆರಳಾಡಿಸಿ ವಿವರಿಸಿದೆ. ಪಾಪ, ಅವನು ಕೇಳಿರಲಿಲ್ಲ.)

ಅದಕ್ಕೆ ಅಚ್ಚಿನ ತೂಕ ಕೂಡಿಸಿದೆ. ಕೊನೆಗೆ "ಇರಲಿ" ಅಂತ ಸ್ವಲ್ಪ ಹೆಚ್ಚಿಗೆ ಹಾಕಿದೆ. ನನಗೆ ಹೇಳದೆ ಖಾಜಾನೂ "ಇರಲಿ" ಅಂತ ಇನ್ನಷ್ಟು ಸೇರಿಸಿ ಫೋನಿನಲ್ಲಿ ಹೇಳಿದ. ಅಂಗಡಿಯವರೂ "ಇರಲಿ" ಅಂತ ಒಂದು ಸೈಜ್ ದೊಡ್ಡದನ್ನೇ ಕಳಿಸಿದರು. ನಮಗಿದೇನು ಹೊಸದೇ? ಮಗನಿಗೆ ಯೂನಿಫಾರ್ಮ್ ತಂದರೆ ಮುಂದಿನ ವರ್ಷಕ್ಕೂ ಇರಲಿ. ನಾಲ್ಕು ಜನ ಊಟಕ್ಕೆ ಬಂದರೆ ಎಂಟು ಜನರ ಅನ್ನ ಇರಲಿ. ಈ ದೇಶ ನಡೆಯುತ್ತಿರುವುದೇ "ಇರಲಿ" ಮೇಲೆ.

ಭಾನುವಾರ ಟ್ರಯಲ್. ಕೆಲಸದವರು ಕಾಯಿ ಒಡೆದರು, ಖಾಜಾ ಸಕ್ಕರೆ ಹಂಚಿದ. ಒಮ್ಮೆ ನೋಡಿ ಆಮೇಲೆ ಬೋಲ್ಟ್ ಬಿಗಿದರಾಯಿತು ಎಂದು ಟೇಬಲ್ಲನ್ನು ನೆಲದ ಮೇಲೆ ಹಾಗೇ ಇಟ್ಟಿದ್ದರು. ಆರಿದ ಅಚ್ಚೊಂದನ್ನು ಅದರ ಮೇಲಿಟ್ಟರು. ನಾನು ಸ್ವಿಚ್ ಒತ್ತಿ, ಕೈಕಟ್ಟಿ, ಟೇಬಲ್ಲಿನ ಎದುರು ಬಂದು ನಿಂತೆ.

ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮರಳು ಉದುರಿತು. ಎಲ್ಲರೂ ಚಪ್ಪಾಳೆ ಹೊಡೆದರು. ಚಕ್ರ ಎರಡು ಹೋಳಾಯಿತು. ಚಪ್ಪಾಳೆ ನಿಂತಿತು. ಆಮೇಲೆ ಟೇಬಲ್ಲು ಹೊರಟಿತು ನೋಡಿ, ಧಡಧಡ ಕುಣಿಯುತ್ತಾ, ಸೀದಾ ನನ್ನ ಕಡೆಗೆ! ಹಿಂದೆ ಸರಿದೆ, ಅದೂ ಬಂತು. ಬಲಕ್ಕೆ ಜಿಗಿದೆ, ಅದೂ ತಿರುಗಿತು. ಕೊನೆಗೆ ಮರಳಿನ ಗುಡ್ಡೆ ಹತ್ತಿದೆ. "ಹಿಡೀರಿ, ಹಿಡೀರಿ!" ಎಂದು ಖಾಜಾ ಹಗ್ಗ ಕಿತ್ತ ಎಮ್ಮೆಯ ಹಿಂದೆ ಓಡುವವನಂತೆ ಕೂಗುತ್ತಿದ್ದ.

ಅವನ ಹೆಂಡತಿ ಶಮೀಮ್ ಮಾತ್ರ ಕೂಗಲಿಲ್ಲ. ಹೋಗಿ ಸ್ವಿಚ್ ಆರಿಸಿದರು.

"ಸರ, ಟೇಬಲ್ ಇದ್ದ ಟ್ರಾಲಿ ತೂಕ ಮಾಡುವಾಗ ನೀವೆಲ್ಲಾ ಎಲ್ಲಿದ್ರಿ?"

"ಟ್ರಾಲ್ಯಾಗ. ಬೀಳಬಾರದಂತ ಟೇಬಲ್ ಹಿಡ್ಕೊಂಡು ಆರು ಮಂದಿ ನಿಂತಿದ್ವಿ."

"ಖಾಲಿ ಟ್ರಾಲಿ ತೂಕ ಮಾಡುವಾಗ?"

"ಮಿರ್ಚಿ ತಿನ್ನಾಕ ಹೋಗಿದ್ವಿ."

ಹೇಳುತ್ತಾ ಹೇಳುತ್ತಾ ನನಗೇ ಹೊಳೆಯಿತು. ಆರು ಜನರನ್ನು ಟೇಬಲ್ಲಿನ ಲೆಕ್ಕಕ್ಕೆ ಸೇರಿಸಿದ್ದೆ. (ಅದರಲ್ಲಿ ಖಾಜಾನೊಬ್ಬನೇ ಇಬ್ಬರಿಗೆ ಸಮ.)

ಮೋಟರಿನ ಜೊತೆ ಒಂದು ಪುಸ್ತಕ ಬಂದಿತ್ತು. ನಾವು ಗಂಡಸರು ಯಾರೂ ತೆರೆದಿರಲಿಲ್ಲ. ಶಮೀಮ್ ಅದನ್ನು ನೋಡಿಕೊಂಡು ಮೋಟರಿನ ಎರಡೂ ತುದಿಯ ಮುಚ್ಚಳ ಬಿಚ್ಚಿದರು. ಒಳಗಿದ್ದ ತೂಕದ ಬಿಲ್ಲೆಗಳನ್ನು ಎರಡೂ ಕಡೆ ಒಂದೇ ಅಳತೆಗೆ ಸರಿಸಿ ಜೋರು ತಗ್ಗಿಸಿದರು. ಬೋಲ್ಟ್ ಬಿಗಿಸಿದರು. ಎರಡನೇ ಚಕ್ರ ಇಡಿಯಾಗಿ ಹೊರಬಂತು. ಸುತ್ತಿಗೆಯ ಇಬ್ಬರೂ ಭುಜ ನೀವಿಕೊಳ್ಳುತ್ತಾ ನಕ್ಕರು.

ನಾನು ತಲೆಯಿಂದ ಮರಳು ಕೊಡವಿಕೊಳ್ಳುತ್ತಿದ್ದೆ. ಚಹಾ ಕೊಡುತ್ತಾ ಶಮೀಮ್ ಕೇಳಿದರು (ನಗದೆ ಕೇಳಿದರು, ಅದೇ ಕಷ್ಟ):

"ಸರ, ನಿಮ್ಮ ಹತ್ರ ಕಲ್ತೋರು ಯಾರಾರ ಬ್ರಿಡ್ಜು ಕಟ್ಟ್ಯಾರೇನ್ರಿ?"